ಮೇಣದಬತ್ತಿಗೆ ಎಷ್ಟು ಮೇಣ ಬೇಕು? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ

ಹೊಸಬತ್ತಿ:
ಒಂದೇ ಅಳತೆಯ 12 ಗ್ಲಾಸುಗಳಿವೆ. ಎಲ್ಲದರಲ್ಲೂ ಮೇಣದಬತ್ತಿ ಮಾಡಬೇಕು. ಒಳಗಿನ ವ್ಯಾಸ 7 ಸೆಂ.ಮೀ. ಬಾಯಿಯಿಂದ ಸ್ವಲ್ಪ ಕೆಳಗೆ, ಅಂದರೆ 8 ಸೆಂ.ಮೀ. ಎತ್ತರಕ್ಕೆ ತುಂಬಬೇಕು. ಮೇಣ ಎಷ್ಟು ಕೊಳ್ಳಲಿ ಅಂತ ಕೇಳಿದರೆ ಮೂರು ಉತ್ತರ ಬಂತು. ಒಬ್ಬರು "ಎಷ್ಟು ಮಿ.ಲೀ. ನೀರು ಹಿಡಿಯುತ್ತದೋ ಅಷ್ಟು ಗ್ರಾಂ ಮೇಣ" ಅಂದರು. ಇನ್ನೊಬ್ಬರು "0.9ರಿಂದ ಗುಣಿಸು" ಅಂದರು. ಮೂರನೆಯವರು "ಅಷ್ಟೆಲ್ಲ ಬೇಡ, ಮುಕ್ಕಾಲು ಭಾಗ ಸಾಕು" ಅಂತಾರೆ. ಯಾರ ಮಾತು ನಂಬಲಿ? ಕೊನೆಯ ಗ್ಲಾಸಿಗೆ ಬರುವಾಗ ಮೇಣ ಮುಗಿಯಬಾರದು. ಕಿಲೋಗಟ್ಟಲೆ ಉಳಿಯಲೂಬಾರದು. ಪ್ಯಾರಾಫಿನ್ ತೆಗೆದುಕೊಳ್ಳುವ ಯೋಚನೆ ಇದೆ. ಸೋಯಾ ಆದರೂ ಸರಿ.

ತಕ್ಕಡಿ:
ಮೊದಲು ನೀರು, ಆಮೇಲೆ ಲೆಕ್ಕ. ಖಾಲಿ ಗ್ಲಾಸನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಮೇಣ ಎಲ್ಲಿಯವರೆಗೆ ಬರಬೇಕೋ ಅಲ್ಲಿಯವರೆಗೆ ನೀರು ಹಾಕಿ. ತಕ್ಕಡಿಯಲ್ಲಿ ಎಷ್ಟು ಗ್ರಾಂ ಬರುತ್ತದೋ ಗ್ಲಾಸಿನ ಅಳತೆ ಅಷ್ಟೇ ಮಿ.ಲೀ. ಅದನ್ನು 0.9ರಿಂದ ಗುಣಿಸಿದರೆ ಪ್ಯಾರಾಫಿನ್ ತೂಕ ಸಿಕ್ಕಿತು. ಜೇನುಮೇಣ ಆದರೆ 0.96. ಸೂತ್ರ ಬೇಡ, ಸ್ಕೇಲು ಬೇಡ. ಗ್ಲಾಸಿನ ತಳ ದಪ್ಪ ಇದ್ದರೂ ಹೊಟ್ಟೆ ಉಬ್ಬಿದ್ದರೂ ನೀರಿಗೆ ಏನೂ ತೊಂದರೆ ಇಲ್ಲ.

ಗೆರೆಗೆ ಸರಿಯಾಗಿ ನೀರು ತುಂಬುವುದೇ ಕಷ್ಟದ ಕೆಲಸ. ಗ್ಲಾಸಿನ ಹೊರಗೆ ಟೇಪಿನ ಒಂದು ತುಂಡು ಅಂಟಿಸಿ. ಕಣ್ಣನ್ನು ಆ ಮಟ್ಟಕ್ಕೆ ಇಳಿಸಿ ನೋಡಿ. ನೀರು ಗಾಜಿನ ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿಕೊಂಡಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವಿನ ಚಪ್ಪಟೆ ಮಟ್ಟ ಗೆರೆಗೆ ಬರಬೇಕು. 7 ಸೆಂ.ಮೀ. ಅಗಲದ ಗ್ಲಾಸಿನಲ್ಲಿ 1 ಮಿ.ಮೀ. ಹೆಚ್ಚು ಕಡಿಮೆ ಆದರೆ ಸುಮಾರು 4 ಮಿ.ಲೀ. ವ್ಯತ್ಯಾಸ.

ಲೆಕ್ಕದ ಪುಸ್ತಕ:
ಗ್ಲಾಸು ಇನ್ನೂ ಕೈಗೆ ಬಂದಿಲ್ಲ ಅನ್ನುವವರಿಗೆ ಸೂತ್ರವೇ ಗತಿ. ವ್ಯಾಸ × ವ್ಯಾಸ × ಎತ್ತರ × 0.785. ಇವರ ಗ್ಲಾಸಿಗೆ 7 × 7 × 8 × 0.785, ಅಂದರೆ 308 ಮಿ.ಲೀ. ಆಯಿತು. 0.9ರಿಂದ ಗುಣಿಸಿದರೆ 277 ಗ್ರಾಂ. 12 ಗ್ಲಾಸಿಗೆ 3,324 ಗ್ರಾಂ.

ಒಂದು ಎಚ್ಚರಿಕೆ. ವ್ಯಾಸ ಅಂದರೆ ಒಳಗಿನ ವ್ಯಾಸ. ಮಾರುವವರು ಬಹಳ ಸಲ ಹೊರಗಿನ ಅಳತೆ ಕೊಟ್ಟಿರುತ್ತಾರೆ. ಗಾಜು 3 ಮಿ.ಮೀ. ದಪ್ಪ ಇದ್ದರೆ 7 ಇರುವುದು 7.6 ಆಗುತ್ತದೆ. ನೋಡಲು ಸಣ್ಣ ವ್ಯತ್ಯಾಸ. ಆದರೆ ವ್ಯಾಸ ಎರಡು ಸಲ ಗುಣಿಸಿಕೊಳ್ಳುತ್ತದಲ್ಲ, ಲೆಕ್ಕ 18% ಉಬ್ಬಿಬಿಡುತ್ತದೆ. ಎತ್ತರದಲ್ಲಿ ಅಷ್ಟೇ ತಪ್ಪಾದರೆ 7-8% ಮಾತ್ರ. ಹಾಗಾಗಿ ಎತ್ತರಕ್ಕಿಂತ ವ್ಯಾಸದ ಮೇಲೆ ಜಾಸ್ತಿ ಗಮನ ಇರಲಿ.

ಕರಗಿದ ಮೇಣ:
0.9 ಜಾಸ್ತಿ ಆಯಿತು. ನಾನು ಕರಗಿಸಿದ ಪ್ಯಾರಾಫಿನನ್ನು ತೂಕ ಮಾಡಿಯೇ ಸುರಿಯುವುದು. 308 ಮಿ.ಲೀ. ಗ್ಲಾಸಿಗೆ 240 ಗ್ರಾಂ ಕೂಡ ಹಿಡಿಯುವುದಿಲ್ಲ. ಮೇಣದಬತ್ತಿ ಮಾಡುವವರ ಹಳೆಯ ಲೆಕ್ಕವೇ ಇದೆ: ಒಂದು ಪೌಂಡ್ ಮೇಣಕ್ಕೆ 20 ಔನ್ಸ್ ಜಾಗ. ನಮ್ಮ ಅಳತೆಯಲ್ಲಿ 454 ಗ್ರಾಂಗೆ 591 ಮಿ.ಲೀ. ಭಾಗಿಸಿ ನೋಡಿ, 0.77 ಬರುತ್ತದೆ. ಮುಕ್ಕಾಲು ಅಂದವರು ಸರಿಯಾಗಿಯೇ ಹೇಳಿದ್ದಾರೆ.

ತಕ್ಕಡಿ:
0.77 ಅಂತ ಕೊಂಡರೆ 12 ಗ್ಲಾಸಿಗೆ 2,844 ಗ್ರಾಂ. ನನ್ನ ಲೆಕ್ಕಕ್ಕಿಂತ 480 ಗ್ರಾಂ ಕಡಿಮೆ. ಸುಮಾರು ಎರಡು ಗ್ಲಾಸಿನ ಮೇಣ! ಗಟ್ಟಿ ಪ್ಯಾರಾಫಿನ್ ಗಡ್ಡೆಯನ್ನು ಅಳೆದು ತೂಗಿ ನೋಡಿ. 0.9ರ ಆಸುಪಾಸೇ ಬರುತ್ತದೆ.

ಹೊಸಬತ್ತಿ:
ಇಬ್ಬರೂ ತೂಗಿ ನೋಡಿದವರೇ. ಇಬ್ಬರ ಅಂಕಿಯೂ ಬೇರೆ. ನನಗಂತೂ ತಲೆ ಕೆಟ್ಟಿತು.

ಅಚ್ಚುಕಟ್ಟು:
ತಲೆ ಕೆಡಿಸಿಕೊಳ್ಳಬೇಡಿ, ಇಬ್ಬರದೂ ಸರಿ. ಒಬ್ಬರು ಬಿಸಿ ಮೇಣ ತೂಗುತ್ತಿದ್ದಾರೆ, ಇನ್ನೊಬ್ಬರು ತಣ್ಣಗಿನದು.

ಪ್ಯಾರಾಫಿನ್ ಕರಗಿದಾಗ ಚೆನ್ನಾಗಿ ಉಬ್ಬುತ್ತದೆ. 80 ಡಿಗ್ರಿ ಬಿಸಿಯಲ್ಲಿ ಒಂದು ಮಿ.ಲೀ.ಗೆ ಸುಮಾರು 0.77 ಗ್ರಾಂ. ಗಟ್ಟಿಯಾದ ಮೇಲೆ ಸುಮಾರು 0.9. ಗೆರೆಯವರೆಗೆ ಬಿಸಿ ಮೇಣ ಸುರಿದರೆ ಒಳಗೆ ಹೋಗುವುದು 237 ಗ್ರಾಂ ಮಾತ್ರ. ಅದು ತಣ್ಣಗಾದ ಮೇಲೆ ಗೆರೆಯವರೆಗೆ ಇರುತ್ತದೆಯೇ? 237ನ್ನು 0.9ರಿಂದ ಭಾಗಿಸಿ. 263 ಮಿ.ಲೀ. ಉಳಿದ 45 ಮಿ.ಲೀ. ಜಾಗ ಖಾಲಿ. ಬತ್ತಿಯ ಸುತ್ತ ಗುಳಿ ಬೀಳುವುದು ಇದರಿಂದಲೇ. ಗಾಜಿನ ಪಕ್ಕದ ಮೇಣ ಮೊದಲು ಗಟ್ಟಿಯಾಗುತ್ತದೆ, ನಡುವಿನದು ಕೊನೆಗೆ. ಕುಗ್ಗಿದ್ದೆಲ್ಲ ನಡುವೆ ಬಂದು ಕೂರುತ್ತದೆ.

ಆ ಗುಳಿಗೆ ಎರಡನೇ ಸಲ ಸುರಿಯಬೇಕು. 45 ಮಿ.ಲೀ. ಜಾಗಕ್ಕೆ ಬಿಸಿ ಮೇಣ ಸುಮಾರು 35 ಗ್ರಾಂ ಹಿಡಿಯುತ್ತದೆ. ಅದೂ ಕುಗ್ಗುತ್ತದೆ, ಆದರೆ 6-7 ಮಿ.ಲೀ. ಅಷ್ಟೇ. ಮೇಲ್ಮೈ 2 ಮಿ.ಮೀ. ಇಳಿದ ಹಾಗೆ. ಅಷ್ಟನ್ನು ಬೇಕಾದರೆ ಹಾಗೆಯೇ ಬಿಡಬಹುದು. 237 + 35 + ಕೊನೆಯ ಐದಾರು ಗ್ರಾಂ ಸೇರಿಸಿದರೆ ತಕ್ಕಡಿಯವರ 277 ಬಂತಲ್ಲ!

ಹಾಗಾಗಿ ಕೊಳ್ಳುವಾಗ 0.9. ಮೊದಲ ಸಲ ಕರಗಿಸುವಾಗ ಬೇಕಿದ್ದರೆ 0.77ರ ಲೆಕ್ಕದಷ್ಟು ಕರಗಿಸಿ, ಉಳಿದದ್ದನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ. ಮಿ.ಲೀ. ಎಷ್ಟೋ ಗ್ರಾಂ ಅಷ್ಟೇ ಅನ್ನುವುದು ನೀರಿಗೆ ಮಾತ್ರ ಹೊಂದುತ್ತದೆ. ಅವರ ಮಾತು ಕೇಳಿದರೆ 12 ಗ್ಲಾಸಿಗೆ 370 ಗ್ರಾಂ ಸುಮ್ನೆ ಮಿಗುತ್ತದೆ.

ಕರಗಿದ ಮೇಣ:
ಓ, ಸರಿ. ನಾನು ಎರಡನೇ ಸುತ್ತಿಗೆ ಹಾಕುವುದನ್ನು ಯಾವತ್ತೂ ತೂಗಿರಲಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನೇ ಹಾಕುತ್ತಿದ್ದೆ.

ಸುಮ್ನೆ ಓದುಗ:
ಸೋಯಾಗೆ ಎಲ್ಲರೂ 0.86 ಅಂತಾರಲ್ಲ, ಅದು ಎಲ್ಲಿಂದ ಬಂತು?

ಅಚ್ಚುಕಟ್ಟು:
ಅದು ಒಂದೇ ಸಲ ಸುರಿದು ಮುಗಿಸುವವರ ಅಂಕಿ. ಸೋಯಾ ಮೇಣ ಅಂದರೆ ಗಟ್ಟಿ ಮಾಡಿದ ಗಿಡದ ಎಣ್ಣೆ. ಕರಗಿದಾಗಲೂ ಪ್ಯಾರಾಫಿನ್‌ಗಿಂತ ಭಾರ. ಕುಗ್ಗುವುದೂ ಕಡಿಮೆ. ಅದಕ್ಕೇ ಗ್ಲಾಸಿನ ಬತ್ತಿಗೆ ಸೋಯಾ ಇಷ್ಟಪಡುವವರು ಜಾಸ್ತಿ. ಒಂದೇ ಸಲ ಸುರಿದರೂ ಬಹಳ ಸಲ ಮೇಲ್ಮೈ ಸಪಾಟಾಗಿಯೇ ಇರುತ್ತದೆ. 308 ಮಿ.ಲೀ.ಗೆ 0.86 ಅಂದರೆ 265 ಗ್ರಾಂ. ನಾನಾದರೆ ಕೊಳ್ಳುವಾಗ ಸೋಯಾಗೂ 0.9 ಹಿಡಿಯುತ್ತೇನೆ. ಗ್ಲಾಸಿಗೆ 12 ಗ್ರಾಂ ಜಾಸ್ತಿ ಆಗುತ್ತದೆ, ಪಾತ್ರೆಗೆ ಅಂಟಿದ್ದಕ್ಕೂ ಚೆಲ್ಲಿದ್ದಕ್ಕೂ ಸರಿಹೋಗುತ್ತದೆ. ಮೇಣದ ಜೊತೆ ಮಾಹಿತಿ ಹಾಳೆ ಬಂದರೆ ಸಾಂದ್ರತೆ ನೋಡಿ. ಪಕ್ಕದಲ್ಲಿ ಎಷ್ಟು ಡಿಗ್ರಿಯಲ್ಲಿ ಅಳೆದದ್ದು ಅಂತಲೂ ಬರೆದಿರುತ್ತಾರೆ. ಅದನ್ನು ಓದದಿದ್ದರೆ ಮೇಲಿನ ಜಗಳವೇ ಮತ್ತೆ ಶುರುವಾಗುತ್ತದೆ.

ಜೇನುಗೂಡು:
ಜೇನುಮೇಣಕ್ಕೆ 0.96 ಅಂದದ್ದು ಸರಿ. ಇದೇ ಗ್ಲಾಸಿಗೆ 296 ಗ್ರಾಂ ಬೇಕು. ಪ್ಯಾರಾಫಿನ್‌ಗಿಂತ ಹತ್ತೊಂಬತ್ತು ಗ್ರಾಂ ಜಾಸ್ತಿ. ಅಂದ ಹಾಗೆ, ಜೇನುಮೇಣವೂ ಕುಗ್ಗುತ್ತದೆ. ಬೇಗ ತಣ್ಣಗಾದರೆ ಬಿರುಕು ಬೇರೆ ಬಿಡುತ್ತದೆ. ನಿಧಾನಕ್ಕೆ ಆರಲು ಬಿಡಿ.

ಚೂರುಪಾರು:
ಸೋಯಾ ಚೂರುಗಳ ರೂಪದಲ್ಲಿ ಬರುತ್ತದಲ್ಲ, ಅದನ್ನು ಗ್ಲಾಸಿನಲ್ಲೇ ಅಳೆದರೆ ಆಗುವುದಿಲ್ಲವೇ? ಒಂದು ಗ್ಲಾಸು ಚೂರು ಕರಗಿಸಿದರೆ ಎಷ್ಟು ಬರುತ್ತದೆ?

ತಕ್ಕಡಿ:
ಸುಮಾರು ಅರ್ಧ ಗ್ಲಾಸು. ಉಳಿದದ್ದೆಲ್ಲ ಗಾಳಿ. ಆ ಅರ್ಧವೂ ಖಾತ್ರಿ ಇಲ್ಲ. ಚೂರು ಸಣ್ಣದೋ ದೊಡ್ಡದೋ, ಅಲುಗಾಡಿಸಿ ತುಂಬಿದಿರೋ ಸುಮ್ಮನೆ ಹಾಕಿದಿರೋ, ಎಲ್ಲದಕ್ಕೂ ಅಳತೆ ಬದಲಾಗುತ್ತದೆ. ಮೇಣವನ್ನು ಯಾವಾಗಲೂ ತೂಕದಲ್ಲೇ ಹಿಡಿಯಿರಿ. ಗಟ್ಟಿ ಇರಲಿ, ಕರಗಿರಲಿ, ಚೂರಾಗಿರಲಿ, ಗ್ರಾಂ ಬದಲಾಗುವುದಿಲ್ಲ.

ಸುಗಂಧಿ:
ಸುವಾಸನೆ ಎಣ್ಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವಲ್ಲ! ಅದೂ ಗ್ಲಾಸಿನೊಳಗೇ ಜಾಗ ಹಿಡಿಯುತ್ತದೆ. 8% ಹಾಕಬೇಕು ಅಂದುಕೊಳ್ಳಿ. ಬಹಳ ಜನ 3,324 ಗ್ರಾಂ ಮೇಣ ತೂಗಿ, ಅದರ ಮೇಲೆ 266 ಗ್ರಾಂ ಎಣ್ಣೆ ಸುರಿಯುತ್ತಾರೆ. ಒಟ್ಟು 3,590. ಹತ್ತಿರ ಹತ್ತಿರ ಒಂದು ಗ್ಲಾಸು ಮಿಶ್ರಣ ಪಾತ್ರೆಯಲ್ಲೇ ಉಳಿಯುತ್ತದೆ.

ಮೊದಲು ಒಟ್ಟು ತೂಕವನ್ನು 1.08ರಿಂದ ಭಾಗಿಸಿ. 3,324 ÷ 1.08 = 3,078 ಗ್ರಾಂ. ಇದು ಮೇಣ. ಬಾಕಿ 246 ಗ್ರಾಂ ಎಣ್ಣೆ. 6% ಆದರೆ 1.06ರಿಂದ, 10% ಆದರೆ 1.10ರಿಂದ ಭಾಗಿಸಿ. ಇಲ್ಲಿ ಶೇಕಡಾ ಅಂದರೆ ಮೇಣದ ತೂಕದ ಮೇಲಿನ ಶೇಕಡಾ. ಕೆಲವರು ಒಟ್ಟು ಮಿಶ್ರಣದ ಮೇಲೆ ಲೆಕ್ಕ ಹಾಕುತ್ತಾರೆ, ಆಗ ಎಣ್ಣೆ 266 ಆಗುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಎರಡನ್ನೂ ಬೆರೆಸಬೇಡಿ.

ಎಣ್ಣೆಯನ್ನೂ ತೂಕದಲ್ಲೇ ಅಳೆಯಿರಿ. ಒಂದು ಸುವಾಸನೆ ತೆಳ್ಳಗಿರುತ್ತದೆ, ಇನ್ನೊಂದು ದಪ್ಪ. 10 ಮಿ.ಲೀ. ಅಂದರೆ ಯಾವಾಗಲೂ 10 ಗ್ರಾಂ ಅಲ್ಲ. ಮೇಣ ಹಿಡಿದಿಟ್ಟುಕೊಳ್ಳುವುದಕ್ಕಿಂತ ಜಾಸ್ತಿ ಹಾಕಿದರೆ ಮೇಲೆ ಬೆವರಿನ ಹಾಗೆ ಹನಿ ಕಾಣಿಸಿಕೊಳ್ಳುತ್ತದೆ. ಘಮ ಜಾಸ್ತಿ ಬರುತ್ತದೆ ಅಂದುಕೊಂಡರೆ ಬತ್ತಿ ಕಟ್ಟಿಕೊಂಡು ಸರಿಯಾಗಿ ಉರಿಯುವುದೇ ಇಲ್ಲ. ಎಷ್ಟು ಹಿಡಿಯುತ್ತದೆ ಅನ್ನುವ ಮಿತಿ ಮೇಣದಿಂದ ಮೇಣಕ್ಕೆ ಬೇರೆ. ಮಾಹಿತಿ ಹಾಳೆಯಲ್ಲಿ ಇರುತ್ತದೆ.

ಹೊಸಬತ್ತಿ:
ಬಣ್ಣಕ್ಕೂ ಬತ್ತಿಗೂ ಲೆಕ್ಕ ಬೇಕೇ?

ಲೆಕ್ಕದ ಪುಸ್ತಕ:
ಬೇಡ. 3 ಮಿ.ಮೀ. ದಪ್ಪದ ಬತ್ತಿ 8 ಸೆಂ.ಮೀ. ಉದ್ದಕ್ಕೆ ಅರ್ಧ ಮಿ.ಲೀ.ಗಿಂತ ಸ್ವಲ್ಪ ಜಾಸ್ತಿ ಜಾಗ ತಿನ್ನುತ್ತದೆ ಅಷ್ಟೇ. ಬಣ್ಣ ಅದಕ್ಕಿಂತ ಕಡಿಮೆ.

ಅಂಚು:
ನನ್ನ ಗ್ಲಾಸು ಕೆಳಗೆ ಸಣ್ಣ, ಮೇಲೆ ಅಗಲ. ತಳದಲ್ಲಿ 6, ಬಾಯಲ್ಲಿ 8. ಅದಕ್ಕೆ ಯಾವ ಸೂತ್ರ?

ಲೆಕ್ಕದ ಪುಸ್ತಕ:
ಇದಕ್ಕೆ ಸರಿಯಾದ ಸೂತ್ರ ಇದೆ, ಆದರೆ ಉದ್ದ. ಸರಾಸರಿ ವ್ಯಾಸ 7 ಅಂತ ಹಿಡಿದು ಮಾಮೂಲಿ ಸೂತ್ರ ಹಾಕಿ. 8 ಸೆಂ.ಮೀ. ಎತ್ತರಕ್ಕೆ 308 ಬರುತ್ತದೆ. ಉದ್ದದ ಸೂತ್ರದಲ್ಲಿ 310. ಎರಡು ಮಿ.ಲೀ.ಗೋಸ್ಕರ ಒದ್ದಾಡುವುದು ಬೇಡ ಅಲ್ವಾ? ಆದರೆ 8 ಅನ್ನುವುದು ಗ್ಲಾಸಿನ ಬಾಯಿಯ ಅಗಲ ಆಗಬಾರದು. ಮೇಣ ನಿಲ್ಲುವ ಗೆರೆಯ ಹತ್ತಿರದ ಅಗಲ ಆಗಬೇಕು.

ಉಳಿದ ಆಕಾರಗಳನ್ನೂ ಹೇಳಿಬಿಡುತ್ತೇನೆ. ಚೌಕದ ಅಚ್ಚಿಗೆ ಉದ್ದ × ಅಗಲ × ಎತ್ತರ. ಆರು ಮೂಲೆಯ ಅಚ್ಚಿಗೆ ಎದುರುಬದುರು ಮುಖಗಳ ನಡುವಿನ ಅಂತರವನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, ಆಮೇಲೆ 0.866. ಚೂಪಾದ ಶಂಕುವಿಗೆ ಅಷ್ಟೇ ಅಗಲ, ಅಷ್ಟೇ ಎತ್ತರದ ಕೊಳವೆಯ ಮೂರನೇ ಒಂದು ಭಾಗ. ಚೆಂಡಿನ ಹಾಗೆ ಗುಂಡಗಿರುವ ಅಚ್ಚಿಗೆ ವ್ಯಾಸ × ವ್ಯಾಸ × ವ್ಯಾಸ × 0.524. 7.5 ಸೆಂ.ಮೀ. ಗುಂಡು 221 ಮಿ.ಲೀ., ಅಂದರೆ 199 ಗ್ರಾಂ ಪ್ಯಾರಾಫಿನ್. ಗುಂಡಿನಲ್ಲಿ ಕಣ್ಣಳತೆ ಭಯಂಕರವಾಗಿ ಕೈಕೊಡುತ್ತದೆ. ವ್ಯಾಸ ಎರಡರಷ್ಟಾದರೆ ಮೇಣ ಎಂಟರಷ್ಟು.

ನುಣುಪು:
ಹೂವು, ಗೊಂಬೆ, ಚಿಪ್ಪಿನ ಆಕಾರದ ಸಿಲಿಕಾನ್ ಅಚ್ಚುಗಳಿಗೆ ಸೂತ್ರ ಎಲ್ಲಿಂದ ತರುವುದು?

ತಕ್ಕಡಿ:
ಅಲ್ಲೂ ನೀರೇ. ಅಚ್ಚು ತುಂಬಿ, ಆ ನೀರನ್ನು ತಕ್ಕಡಿ ಮೇಲಿನ ಪಾತ್ರೆಗೆ ಬಗ್ಗಿಸಿ. ಮೆತ್ತನೆಯ ಅಚ್ಚು ನೀರಿನ ಭಾರಕ್ಕೆ ಉಬ್ಬುತ್ತದೆ. ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ಮೇಣ ಸುರಿಯುವಾಗ ಹೇಗೆ ನಿಲ್ಲಿಸುತ್ತೀರೋ ಹಾಗೇ ನಿಲ್ಲಿಸಿ ಅಳೆಯಿರಿ. ಎರಡು ಭಾಗದ ಅಚ್ಚಾದರೆ ಸೇರುವ ಜಾಗದಲ್ಲಿ ನೀರು ಜಿನುಗುತ್ತದೆ. ನೀರು ಜಿನುಗಿದರೆ ಬಿಸಿ ಮೇಣವೂ ಜಿನುಗುತ್ತದೆ ಅನ್ನುವುದು ಆಗಲೇ ಗೊತ್ತಾಗಲಿ, ಒಳ್ಳೆಯದೇ.

ಪ್ಲಾಸ್ಟರ್ ಅಚ್ಚಿಗೆ ಮಾತ್ರ ನೀರು ಬೇಡ, ಅದು ಹೀರಿಕೊಳ್ಳುತ್ತದೆ. ಒಣಗಿದ ನಯವಾದ ಮರಳು ತುಂಬಿ, ಅದನ್ನು ಗೀಟು ಇರುವ ಅಳತೆ ಪಾತ್ರೆಗೆ ಸುರಿದು ಮಿ.ಲೀ. ನೋಡಿ. ಮರಳನ್ನು ತೂಗಬೇಡಿ. ಅಳೆಯುವುದು ಜಾಗವನ್ನು.

ಎಚ್ಚರಿಕೆ:
ನೀರಿನಲ್ಲಿ ಅಳೆದ ಮೇಲೆ ಅಚ್ಚು, ಗ್ಲಾಸು ಪೂರ್ತಿ ಒಣಗಬೇಕು. ಒರೆಸಿದರೆ ಸಾಲದು, ಗಾಳಿಗೆ ಇಡಿ. ಒಂದು ಹನಿ ಉಳಿದರೂ ಮೇಣದಲ್ಲಿ ಗುಳ್ಳೆ ಬರುತ್ತದೆ. ಹಚ್ಚಿದಾಗ ಚಟಪಟ ಸಿಡಿಯುತ್ತದೆ. ಇನ್ನೊಂದು ಮಾತು. ಮೇಣದ ಪಾತ್ರೆಯನ್ನು ನೇರ ಬೆಂಕಿಗೆ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಒಂದು ವೇಳೆ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಮುಚ್ಚಳ ಮುಚ್ಚಿ, ಒಲೆ ಆರಿಸಿ.

ಜೇನುಗೂಡು:
ಅದ್ದಿ ಮಾಡುವ ಉದ್ದದ ಬತ್ತಿಗಳಿಗೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ ನೋಡಿ. 25 ಸೆಂ.ಮೀ. ಉದ್ದ, 2.2 ಸೆಂ.ಮೀ. ದಪ್ಪದ ಒಂದು ಬತ್ತಿಗೆ ಪ್ಯಾರಾಫಿನ್ 85 ಗ್ರಾಂ ಸಾಕು. ಹತ್ತು ಬತ್ತಿಗೆ 850 ಗ್ರಾಂ. ಅಷ್ಟೇ ಕೊಂಡು ತಂದರೆ ಒಂದು ಬತ್ತಿಯೂ ಆಗುವುದಿಲ್ಲ. ಬತ್ತಿ ಪೂರ್ತಿ ಮುಳುಗಬೇಕಲ್ಲ! 10 ಸೆಂ.ಮೀ. ಅಗಲದ ಪಾತ್ರೆಯಲ್ಲಿ 28 ಸೆಂ.ಮೀ. ಆಳ ಮೇಣ ನಿಲ್ಲಬೇಕಾದರೆ 2,200 ಮಿ.ಲೀ. ಬೇಕು. ಕರಗಿದ ಲೆಕ್ಕದಲ್ಲಿ 1.7 ಕಿಲೋ. ಅದ್ದುತ್ತಾ ಹೋದ ಹಾಗೆ ಮಟ್ಟ ಇಳಿಯುತ್ತದೆ. ಕೊನೆಯವರೆಗೂ ಮಟ್ಟ ಹಾಗೇ ಇರಬೇಕು ಅಂದರೆ ಆ 850 ಗ್ರಾಂ ಬೇರೆ ಸೇರಿಸುತ್ತಿರಬೇಕು. ಒಟ್ಟು ಎರಡೂವರೆ ಕಿಲೋ. ಬತ್ತಿಗೆ ಹೋಗುವುದು ಅದರ ಮೂರನೇ ಒಂದು ಭಾಗ.

ಮೇಣ ಉಳಿಸಬೇಕಾದರೆ ಪಾತ್ರೆ ಕಿರಿದಾಗಬೇಕು. 7 ಸೆಂ.ಮೀ. ಅಗಲದ ಉದ್ದನೆಯ ಡಬ್ಬಿ ಸಿಕ್ಕಿದರೆ ತುಂಬಲು 830 ಗ್ರಾಂ ಸಾಕು. ಅರ್ಧಕ್ಕರ್ಧ ಉಳಿಯಿತು. ಆದರೆ ಕಿರಿದಾದ ಡಬ್ಬಿಯಲ್ಲಿ ಬತ್ತಿ ಇಳಿಸಿದಾಗ ಮೇಣ ಮೇಲೇರುತ್ತದೆ. ದಪ್ಪ ಬಂದ ಬತ್ತಿ ಎರಡೂವರೆ ಸೆಂ.ಮೀ. ಮೇಲೇರಿಸುತ್ತದೆ. ಜೋಡಿ ಬತ್ತಿ ಒಟ್ಟಿಗೆ ಅದ್ದಿದರೆ ಐದು. ಅಂಚಿನವರೆಗೆ ತುಂಬಿದರೆ ಚೆಲ್ಲುವುದು ಖಂಡಿತ.

ಕರಗಿದ ಮೇಣ:
ಡಬ್ಬಿ ಬೇಕಾದ್ದಕ್ಕಿಂತ ಆಳ ಇದ್ದರೆ ತಳದಲ್ಲಿ ಬಿಸಿನೀರು ಹಾಕಿ. ಮೇಣ ಹಗುರ, ಮೇಲೆ ತೇಲುತ್ತದೆ. ತಳದ ಜಾಗಕ್ಕೆ ಸುಮ್ನೆ ಮೇಣ ತುಂಬುವುದು ತಪ್ಪುತ್ತದೆ.

ಎಚ್ಚರಿಕೆ:
ಹಾಕಿ, ಆದರೆ ಆ ನೀರು ಕುದಿಯಬಾರದು. ತಳದಲ್ಲಿ ಆವಿ ಎದ್ದರೆ ಮೇಲಿನ ಬಿಸಿ ಮೇಣವನ್ನು ಎತ್ತಿ ಎಸೆಯುತ್ತದೆ. ಬತ್ತಿಯ ತುದಿಯೂ ನೀರಿಗೆ ತಾಗಬಾರದು. ಪದರಗಳ ನಡುವೆ ನೀರು ಸಿಕ್ಕಿಕೊಂಡರೆ ಉರಿಯುವಾಗ ಸಿಡಿಯುತ್ತದೆ.

ಹೊಸಬತ್ತಿ:
ಒಂದು ಗ್ಲಾಸು ಮಾಡಿ ನೋಡಿದೆ. ಹೇಳಿದ ಹಾಗೆ ಮೊದಲು ನೀರು ಹಾಕಿ ತೂಗಿದೆ. 308 ಬರಲಿಲ್ಲ, 301 ಬಂತು. ತಳದ ಮೂಲೆಗಳು ಸ್ವಲ್ಪ ದುಂಡಗಿವೆ, ಅದಕ್ಕಿರಬೇಕು. 301 × 0.9, ಅಂದರೆ 271 ಗ್ರಾಂ ಪ್ಯಾರಾಫಿನ್. ಕರಗಿಸಿ ಗೆರೆಯವರೆಗೆ ಸುರಿದಾಗ ಒಳಗೆ ಹೋದದ್ದು 233. ಆರಿದ ಮೇಲೆ ನೋಡಿದರೆ ಬತ್ತಿಯ ಪಕ್ಕ ಕಿರುಬೆರಳು ಇಳಿಯುವಷ್ಟು ಗುಳಿ. ಅಂಚಿನಲ್ಲಿ ಗಾಜಿಗೆ ಅಂಟಿಕೊಂಡ ಮೇಣ ಹಾಗೇ ಎತ್ತರಕ್ಕೆ ನಿಂತಿತ್ತು. ಎರಡನೇ ಸಲ 31 ಗ್ರಾಂ ಹಿಡಿಯಿತು. ಈಗ ನಡುವೆ ಸಣ್ಣ ತಗ್ಗು ಮಾತ್ರ ಇದೆ, ಅಷ್ಟೇ.

ಅಚ್ಚುಕಟ್ಟು:
233 + 31 = 264. 271ಕ್ಕೆ 7 ಗ್ರಾಂ ಬಾಕಿ. ನೀವು ಹೇಳುವ ಸಣ್ಣ ತಗ್ಗು ಆ 7 ಗ್ರಾಂ. ಲೆಕ್ಕ ತಾಳೆ ಆಯಿತು.

ಈ ತಾಳೆ ನೋಡುವ ಅಭ್ಯಾಸ ಬಿಡಬೇಡಿ. ಮೇಣ ಎಷ್ಟು ಕೊಳ್ಳಬೇಕು ಅನ್ನುವುದಕ್ಕಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕೆಲವು ಸಲ ಮೇಲ್ಮೈ ಬೇಗ ಮುಚ್ಚಿಕೊಂಡು ಗುಳಿ ಒಳಗೇ ಉಳಿದುಬಿಡುತ್ತದೆ. ಹೊರಗಿನಿಂದ ಗ್ಲಾಸು ತುಂಬಿದ ಹಾಗೇ ಕಾಣುತ್ತದೆ. ತೂಗಿ ನೋಡಿದರೆ 271 ಇರಬೇಕಾದ ಜಾಗದಲ್ಲಿ 250. ಆ 21 ಗ್ರಾಂ ಎಲ್ಲಿ ಹೋಯಿತು? ಒಳಗೆ 23 ಮಿ.ಲೀ. ಪೊಳ್ಳು ಇದೆ ಅಂತ ಅರ್ಥ. ಉರಿಯುತ್ತಾ ಅಲ್ಲಿಗೆ ಬಂದಾಗ ಮೇಲೆ ಕರಗಿ ನಿಂತ ಮೇಣ ತಟ್ಟನೆ ಒಳಗೆ ಇಳಿದುಹೋಗುತ್ತದೆ. ಬತ್ತಿ ಬೆತ್ತಲಾಗಿ ಎತ್ತರಕ್ಕೆ ನಿಂತು ಜ್ವಾಲೆ ದೊಡ್ಡದಾಗುತ್ತದೆ. ಗಾಜು ಮಸಿ ಹಿಡಿಯುತ್ತದೆ.

ಪರಿಹಾರ ಸುಲಭ. ಮೇಲೆ ಪದರ ಕಟ್ಟಿ, ಒಳಗೆ ಇನ್ನೂ ಮೆತ್ತಗಿರುವಾಗಲೇ ಕಡ್ಡಿಯಿಂದ ಬತ್ತಿಯ ಸುತ್ತ ಮೂರ್ನಾಲ್ಕು ತೂತು ಚುಚ್ಚಿ. ತೀರಾ ಬೇಗ ಚುಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ತಡ ಮಾಡಿದರೆ ಕಡ್ಡಿ ಇಳಿಯುವುದಿಲ್ಲ. ಎರಡನೇ ಸುತ್ತಿನ ಮೇಣ ಸ್ವಲ್ಪ ಜಾಸ್ತಿ ಬಿಸಿ ಇರಲಿ, ಆಗ ಹಳೆಯದರ ಜೊತೆ ಬೆರೆಯುತ್ತದೆ. ಮೊದಲ ಸುತ್ತಿನ ಗೆರೆ ದಾಟಿ ಮೇಲೆ ಹಾಕಬೇಡಿ. ಅಚ್ಚಿನ ಬತ್ತಿಯಾದರೆ ಗೋಡೆ ಮತ್ತು ಮೇಣದ ನಡುವಿನ ಸಂದಿಗೆ ಇಳಿದು ಅಂಚು ಅಸಹ್ಯವಾಗುತ್ತದೆ, ಅಚ್ಚು ಬಿಡುವುದೂ ಕಷ್ಟ.

ಸುಮ್ನೆ ಓದುಗ:
271 ಗ್ರಾಂ ಅಂದರೆ ಎಷ್ಟು ಗಂಟೆ ಉರಿಯುತ್ತದೆ?

ತಕ್ಕಡಿ:
ಬತ್ತಿಯ ಮೇಲೆ ಹೋಗುತ್ತದೆ. ಗ್ಲಾಸಿನ ಬತ್ತಿಗಳು ಗಂಟೆಗೆ 5ರಿಂದ 7 ಗ್ರಾಂ ತಿನ್ನುವುದು ಸಾಮಾನ್ಯ. ತಳದಲ್ಲಿ 1 ಸೆಂ.ಮೀ. ಬಿಟ್ಟು ಆರಿಸಬೇಕು, ಇಲ್ಲದಿದ್ದರೆ ಗಾಜು ಸುಡುತ್ತದೆ. ಆ 1 ಸೆಂ.ಮೀ.ನಲ್ಲಿ ಸುಮಾರು 35 ಗ್ರಾಂ ಕೂತಿರುತ್ತದೆ. ಉರಿಯಲು ಸಿಗುವುದು 236. ಗಂಟೆಗೆ 6ರಂತೆ 39 ಗಂಟೆ. ನಿಮ್ಮದೇ ಅಂಕಿ ಬೇಕಾದರೆ ಹಚ್ಚುವ ಮೊದಲು ತೂಗಿ, ಮೂರು ಗಂಟೆ ಉರಿಸಿ, ಆರಿದ ಮೇಲೆ ಮತ್ತೆ ತೂಗಿ.

ಲೆಕ್ಕದ ಪುಸ್ತಕ:
ಇದಕ್ಕೆ ಹಳೆಯ ನಂಟಿದೆ. ಬೆಳಕನ್ನು ಅಳೆಯಲು ಮೇಣದಬತ್ತಿಯನ್ನೇ ಮಾನದಂಡ ಮಾಡಿಕೊಂಡ ಕಾಲ ಇತ್ತು. 1860ರಲ್ಲಿ ಲಂಡನ್ನಿನ ಗ್ಯಾಸ್ ದೀಪಗಳಿಗೆ ಮಾಡಿದ ಕಾನೂನಿನಲ್ಲಿ ತಿಮಿಂಗಿಲದ ಮೇಣದ ಬತ್ತಿಯೊಂದನ್ನು ಅಳತೆಗೆ ಹಿಡಿದರು. ತೂಕ ಪೌಂಡಿನ ಆರನೇ ಒಂದು ಭಾಗ, ಅಂದರೆ 76 ಗ್ರಾಂ. ಗಂಟೆಗೆ 120 ಗ್ರೇನ್ ಉರಿಯಬೇಕು. ಅದು 7.8 ಗ್ರಾಂ ಆಗುತ್ತದೆ. ತಕ್ಕಡಿಯವರ 7ಕ್ಕಿಂತ ಸ್ವಲ್ಪವೇ ಜಾಸ್ತಿ!

ಚೂರುಪಾರು:
ಉರಿದು ಉಳಿದ ಹಳೆಯ ತುಂಡುಗಳನ್ನು ಸೇರಿಸಿ ಹೊಸದು ಮಾಡಬಹುದೇ? ಯಾವುದು ಯಾವ ಮೇಣ ಅಂತ ಗೊತ್ತಿಲ್ಲ.

ತಕ್ಕಡಿ:
ಮಾಡಬಹುದು. 0.9 ಅಂತಲೇ ಹಿಡಿಯಿರಿ, ಜೇನುಮೇಣ ಜಾಸ್ತಿ ಬೆರೆತಿದ್ದರೆ ಮಾತ್ರ ಸ್ವಲ್ಪ ಹೆಚ್ಚು. ಆದರೆ ತುಂಡುಗಳನ್ನು ಮೊದಲೇ ತೂಗಿ ಲೆಕ್ಕ ಹಾಕಬೇಡಿ. ಕರಗಿಸಿ, ಸೋಸಿ, ಆಮೇಲೆ ತೂಗಿ. ಬತ್ತಿಯ ತಳದ ತಗಡು, ಕರಿ, ಬಟ್ಟೆಗೆ ಅಂಟಿದ ಮೇಣ ಎಲ್ಲ ಸೇರಿ ತೂಕ ಇಳಿದೇ ಇಳಿಯುತ್ತದೆ.

ಅಂಚು:
ಪಾತ್ರೆಗೆ ಅಂಟಿ ಹೋಗುವುದಕ್ಕೆ ಎಷ್ಟು ಜಾಸ್ತಿ ಹಿಡಿಯಬೇಕು? 5% ಅಂತ ಓದಿದ್ದೆ.

ಅಚ್ಚುಕಟ್ಟು:
ಶೇಕಡಾ ಲೆಕ್ಕ ನನಗೆ ಒಪ್ಪುವುದಿಲ್ಲ. ಸುರಿಯುವ ಜಗ್ಗಿನ ಗೋಡೆಗೆ ಅಂಟುವ ಪದರ ಒಂದು ಗ್ಲಾಸು ಮಾಡಿದರೂ ಅಷ್ಟೇ, ಆರು ಮಾಡಿದರೂ ಹೆಚ್ಚುಕಡಿಮೆ ಅಷ್ಟೇ. ನನ್ನ ಜಗ್ಗಿನಲ್ಲಿ 10 ಗ್ರಾಂ ಆಸುಪಾಸು. ಒಂದೇ ಒಂದು ಸಣ್ಣ ಗ್ಲಾಸು ಮಾಡುವವರಿಗೆ 5% ಕೂಡ ಸಾಲದೆ ಬರಬಹುದು. 12 ಗ್ಲಾಸಿಗೆ 5% ಅಂದರೆ 160 ಗ್ರಾಂ, ಅಷ್ಟು ಖಂಡಿತ ಅಂಟುವುದಿಲ್ಲ. ಜಗ್ಗನ್ನು ಖಾಲಿ ಇದ್ದಾಗ ಒಮ್ಮೆ ತೂಗಿ, ಸುರಿದು ಮುಗಿದ ಮೇಲೆ ಒಮ್ಮೆ ತೂಗಿ. ನಿಮ್ಮ ಜಗ್ಗಿನ ಅಂಕಿ ಸಿಗುತ್ತದೆ. ಎಷ್ಟು ಸಲ ಕರಗಿಸುತ್ತೀರೋ ಅಷ್ಟು ಸಲ ಅದನ್ನು ಸೇರಿಸಿಕೊಳ್ಳಿ. ಅದೇ ಮೇಣ, ಅದೇ ಸುವಾಸನೆ ಆದರೆ ಅಂಟಿದ್ದು ಮುಂದಿನ ಸುತ್ತಿನಲ್ಲಿ ಕರಗಿ ಬಂದೇ ಬರುತ್ತದೆ. ಬಣ್ಣ ಬದಲಾಯಿಸಿದರೆ ಮಾತ್ರ ಒರೆಸಿ ತೆಗೆಯಬೇಕು.

ಹೊಸಬತ್ತಿ:
ಹಾಗಾದರೆ ನನ್ನ ಲೆಕ್ಕ ಹೀಗೆ. 12 × 271 = 3,252. ಮೂರು ಸುತ್ತಿನಲ್ಲಿ ಕರಗಿಸುತ್ತೇನೆ, ಅದಕ್ಕೆ 30. ಒಟ್ಟು 3,282. 6% ಸುವಾಸನೆ, ಹಾಗಾಗಿ 1.06ರಿಂದ ಭಾಗಿಸಿದೆ. ಮೇಣ 3,096, ಎಣ್ಣೆ 186. ಮೇಣ ಅರ್ಧ ಕಿಲೋ ಪೊಟ್ಟಣಗಳಲ್ಲಿ ಸಿಗುವುದರಿಂದ ಏಳು ಪೊಟ್ಟಣ. 400 ಗ್ರಾಂ ಮಿಗುತ್ತದೆ, ಪರವಾಗಿಲ್ಲ. ಮಾಡಿಟ್ಟ ಗ್ಲಾಸಿಗೆ ಸುವಾಸನೆ ಹಾಕಿಲ್ಲ, ಅದನ್ನು ಕರಗಿಸಿ ಮತ್ತೆ ಸೇರಿಸಿಕೊಳ್ಳುತ್ತೇನೆ.

ಸುಗಂಧಿ:
ಮಿಗುವ 400ಕ್ಕೆ ಈಗಲೇ ಎಣ್ಣೆ ಬೆರೆಸಬೇಡಿ. ಎಣ್ಣೆ ಬೆರೆಸದ ಮೇಣ ಎಷ್ಟು ದಿನ ಬೇಕಾದರೂ ಇರುತ್ತದೆ. ಎರಡನೇ ಸುತ್ತಿನ ಗುಳಿ ತುಂಬಲು ಮಾತ್ರ ಬೆರೆಸಿದ ಮೇಣವನ್ನೇ ಎತ್ತಿಡಿ, ಬರೀ ಮೇಣ ಹಾಕಿದರೆ ಮೇಲಿನ ಪದರಕ್ಕೆ ವಾಸನೆಯೇ ಇರುವುದಿಲ್ಲ. ಬೆರೆಸಿದ್ದು ಉಳಿದರೆ ಡಬ್ಬಿಯ ಮೇಲೆ ತೂಕವನ್ನೂ ಶೇಕಡಾವನ್ನೂ ಬರೆದಿಡಿ. ಉದಾಹರಣೆಗೆ 106 ಗ್ರಾಂ ಉಳಿಯಿತು ಅಂದುಕೊಳ್ಳಿ. ಅದರಲ್ಲಿ 6 ಗ್ರಾಂ ಎಣ್ಣೆ ಆಗಲೇ ಇದೆ. ಮುಂದಿನ ಸಲ ಒಂದು ಗ್ಲಾಸಿಗೆ 271 ಬೇಕಾದರೆ ಹೊಸದಾಗಿ ಬೇಕಾಗುವುದು 165 ಗ್ರಾಂ ಮಿಶ್ರಣ. ಮೇಣ 156, ಎಣ್ಣೆ 9.